ಮಾಷ್ಟ್ರ ಎದುರು ಸ್ಟಾರ್ಟ್ ಆಗದ ಮಿಷನ್

ನನ್ನ ಗಂಡ ಗಲ್ಫ್ ಬಿಟ್ಟು ಊರಿಗೆ ಬಂದ ಮೇಲೆ ಮಾಡಿದ ಮೊದಲ ಘನಂದಾರಿ ಕೆಲಸ ಯಾವುದೆಂದರೆ, ಮಂಗಳೂರಿನ ಒಂದು ಗುಜರಿ ಅಂಗಡಿಯಿಂದ ಹುಲ್ಲು ಕೊಯ್ಯುವ ಮಿಷನ್ ತಂದದ್ದು. ಹೆಗಲಿಗೆ ನೇತುಹಾಕಿಕೊಳ್ಳುವ ಜಾತಿಯದ್ದಲ್ಲ, ಮೇಲೆ ಕೂತು ಓಡಿಸುವಂಥದ್ದು. ಸಣ್ಣ ಟ್ರ್ಯಾಕ್ಟರಿನ ಹಾಗೆ ನಾಲ್ಕು ಚಕ್ರ, ಒಂದು ಸ್ಟೇರಿಂಗು, ಹರಿದು ಹತ್ತಿ ಹೊರಬಂದ ಒಂದು ಸೀಟು, ಹೊಟ್ಟೆಯಡಿಯಲ್ಲಿ ತಿರುಗುವ ಬ್ಲೇಡು. ನಾಲ್ಕು ಜನ ಸೇರಿ ಅದನ್ನು ಪಿಕಪ್ಪಿನಿಂದ ಇಳಿಸುವಾಗ ನಾನು ಜಗಲಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ನಮಗೆ ಇದ್ದದ್ದು ಸೀತಾಂಗೋಳಿಯಿಂದ ಸ್ವಲ್ಪ ಒಳಗೆ ಹದಿನೈದು ಸೆಂಟು ಜಾಗ. ಅದರಲ್ಲಿ ಮನೆ, ಬಾವಿ, ಐದು ತೆಂಗು. ಉಳಿದ ಹುಲ್ಲು ಪಕ್ಕದ ಮನೆಯ ಆಡಿಗೆ ಒಂದು ಹೊತ್ತಿಗೆ ಸಾಲದು.

"ಇದರಲ್ಲಿ ಎಂತ ಕೊಯ್ಲಿಕ್ಕುಂಟು? ನನ್ನ ತಲೆಯಾ?" ಎಂದು ಕೇಳಿದೆ.

"ಬೈಬೇಡ ಮಾರಾಯ್ತಿ. ನಾನು ಅಲ್ಲಿ ಓಡಿಸ್ತಿದ್ದದ್ದು ಇಂಥದ್ದೇ. ನೋಡಿದ ಮೇಲೆ ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ" ಎಂದರು.

ನಾನು ಸೊಂಟದಿಂದ ಕೈ ತೆಗೆದೆ. ಯಾಕೆಂದರೆ ಇಪ್ಪತ್ತೆರಡು ವರ್ಷದಲ್ಲಿ ಇವರು ತಮ್ಮ ಕೆಲಸದ ಬಗ್ಗೆ ಹೊರಗೆ, ನಾಲ್ಕು ಜನರ ಎದುರು, ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಪಿಕಪ್ಪಿನವನೂ ಕೇಳಿಸಿಕೊಂಡ.

ಊರಿನವರಿಗೆಲ್ಲ ಇವರು ಹೇಳಿದ್ದು 'ಕಂಪೆನಿಯಲ್ಲಿ ಕೆಲಸ' ಎಂದು. ನಾನೂ ಹಾಗೆಯೇ ಹೇಳುತ್ತಿದ್ದೆ. ಹೆಚ್ಚು ಕೆದಕಿದವರಿಗೆ 'ಸೂಪರ್‌ವೈಸರ್' ಎಂದು ಒಂದು ಒಗ್ಗರಣೆಯನ್ನೂ ಹಾಕುತ್ತಿದ್ದೆ. ನಿಜವಾಗಿ ಇವರು ಒಂದು ದೊಡ್ಡ ಹೋಟೆಲಿನ ಹುಲ್ಲುಹಾಸಿನಲ್ಲಿ ಮಿಷನ್ ಓಡಿಸುತ್ತಿದ್ದರು. ಮರಳುಗಾಡಿನಲ್ಲಿ ನೀರು ಹೊಯ್ದು ಬೆಳೆಸಿದ ಹುಲ್ಲು, ಅದನ್ನು ದಿನವೂ ಒಂದೇ ಎತ್ತರಕ್ಕೆ ಕೊಯ್ಯಬೇಕು. ಕೆಟ್ಟ ಕೆಲಸವೇನಲ್ಲ, ಕಳ್ಳತನವಂತೂ ಅಲ್ಲ. ಹಾಗಾದರೆ ಮುಚ್ಚಿಟ್ಟದ್ದು ಯಾಕೆ ಎಂದರೆ, ಅದಕ್ಕೆ ಕಾರಣ ಮಾಷ್ಟ್ರು.

ಮಾಷ್ಟ್ರು ಇವರಿಗೆ ಏಳನೆಯ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು. ಇವರು ಪುಸ್ತಕದ ಬದಿಗೆ ಎಳೆಯುವ ಮಾರ್ಜಿನ್ ಗೆರೆ ಅಳತೆಗೋಲು ಇಟ್ಟರೂ ಡೊಂಕಾಗುತ್ತಿತ್ತಂತೆ. ಒಂದು ದಿನ ಮಾಷ್ಟ್ರು ಆ ಪುಸ್ತಕವನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ಒಂದು ಗೆರೆ ನೆಟ್ಟಗೆ ಎಳೀಲಿಕ್ಕೆ ಬರುದಿಲ್ಲ. ನೀನು ಹುಲ್ಲು ಕೊಯ್ಲಿಕ್ಕೆ ಮಾತ್ರ ಲಾಯಕ್ಕು" ಎಂದು ಬೆಂಚಿನ ಮೇಲೆ ನಿಲ್ಲಿಸಿದರಂತೆ. ಬೈದವರು ಮರೆತರು, ಬೈಸಿಕೊಂಡವರು ಮರೆಯಲಿಲ್ಲ. ವಿಮಾನ ಹತ್ತಿ ಸಾವಿರಾರು ಮೈಲಿ ದೂರ ಹೋಗಿ, ಅಲ್ಲಿನ ಫೋರ್‌ಮ್ಯಾನ್ ಮೊದಲ ದಿನ ಮಿಷನಿನ ಕೀಲಿ ಕೈಗೆ ಕೊಟ್ಟಾಗ, ಇವರ ಕಣ್ಣೆದುರು ಬಂದದ್ದು ಹೆಂಡತಿಯ ಮುಖ ಅಲ್ಲ, ಮಾಷ್ಟ್ರ ಮುಖ. ಇದನ್ನು ನನಗೆ ಹೇಳಿದಾಗ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆದರೆ ರಜೆಯಲ್ಲಿ ಬಂದಾಗಲೆಲ್ಲ ಒಂದು ಟಾರ್ಚೋ ಸೆಂಟಿನ ಬಾಟಲಿಯೋ ಹಿಡಿದುಕೊಂಡು ಮಾಷ್ಟ್ರ ಮನೆಗೆ ಹೋಗಿ, "ಎಂತ ಕೆಲಸ ಮಾರಾಯ ನಿನಗೆ?" ಎಂದು ಅವರು ಕೇಳಿದ್ದಕ್ಕೆ "ಕಂಪೆನಿಯಲ್ಲಿ ಮಾಷ್ಟ್ರೇ" ಎಂದು ಹೇಳಿ ನೆಲ ನೋಡುವುದನ್ನು ಕಂಡಾಗ ನನಗೆ ನಗು ಬರುತ್ತಿರಲಿಲ್ಲ.

ಇರಲಿ, ಮಿಷನಿನ ಕಥೆಗೆ ಬರುತ್ತೇನೆ. ಇವರ ಕ್ಲಾಸ್‌ಮೇಟ್ ಒಬ್ಬರು ಸೀತಾಂಗೋಳಿಯಲ್ಲಿ ಪಂಪ್‌ಸೆಟ್ಟು, ತೋಟಕ್ಕೆ ಮದ್ದು ಬಿಡುವ ಮಿಷನ್ ಎಲ್ಲ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಅವರು ನಾಲ್ಕು ಸಂಜೆ ನಮ್ಮಲ್ಲಿಗೆ ಬಂದರು. ಟ್ಯಾಂಕಿನಲ್ಲಿದ್ದ ಹಳೆ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಾಗಿತ್ತು, ಅದನ್ನು ಚೆಲ್ಲಿದರು. ಕಾರ್ಬರೇಟರ್ ಬಿಚ್ಚಿ ತೊಳೆದರು. ಬ್ಯಾಟರಿ, ಪ್ಲಗ್ಗು ಹೊಸತು ಹಾಕಿದರು. ನಾನು ಹೊಲಿಗೆಯವಳು, ಊರಿನ ಅರ್ಧ ರವಿಕೆ ನನ್ನ ಕೈಯದ್ದೇ. ಹಾಗಾಗಿ ಸೀಟಿಗೆ ಸ್ಪಂಜು ತುಂಬಿಸಿ ಹಳದಿ ರೆಕ್ಸಿನಿನ ಒಂದು ಕವರು ಹೊಲಿದೆ. ಐದನೆಯ ದಿನ ಬೆಳಿಗ್ಗೆ ಇವರು ಅದರ ಮೇಲೆ ಕೂತು ಕೀ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಐದು ತೆಂಗಿಗೆ ಮೂರು ಸುತ್ತು ಹಾಕಿದರು. ಆಮೇಲೆ ದಿನವೂ ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿ ಸುಮ್ಮನೆ ಅದರ ಮೇಲೆ ಕೂರುವುದು ಅಭ್ಯಾಸವಾಯಿತು. "ಚಾ ಅಲ್ಲಿಗೇ ತರ್ಬೇಕಾ?" ಎಂದು ಕೇಳಿದರೆ, "ತಾ" ಎನ್ನುತ್ತಿದ್ದರು. ನಾಚಿಕೆ ಇಲ್ಲದ ಮನುಷ್ಯ.

ಇಷ್ಟಕ್ಕೆ ನಿಲ್ಲುತ್ತಿತ್ತೋ ಏನೋ. ನನ್ನ ಬಾಯಿ ಸುಮ್ಮನಿರಬೇಕಲ್ಲ.

ನಮ್ಮ ಶಾಲೆಯ ಮೈದಾನ ಕೆಂಪು ಕಲ್ಲಿನ ಪದವಿನ, ಅಂದರೆ ಸಪಾಟು ಗುಡ್ಡದ, ಮೇಲೆ ಉಂಟು. ಮಳೆ ಮುಗಿಯುವಾಗ ಅಲ್ಲಿ ಮೊಣಕಾಲಿಗಿಂತ ಒಂದು ಗೇಣು ಕೆಳಗಿನವರೆಗೆ ಹುಲ್ಲು, ನಡುನಡುವೆ ನಾಚಿಕೆಮುಳ್ಳು. ಮಕ್ಕಳು ಬರಿಗಾಲಲ್ಲಿ ಓಡುವವರು. ಕ್ರೀಡಾಕೂಟಕ್ಕೆ ಮೊದಲು ಉದ್ಯೋಗ ಖಾತ್ರಿಯ ಹೆಂಗಸರು ಕತ್ತಿ ಹಿಡಿದು ಸವರಿ ಕೊಡುವುದು ವಾಡಿಕೆ. ಆ ವರ್ಷ ಅವರಿಗೆ ಬೇರೆ ಕಡೆ ಕೆರೆಯ ಕೆಲಸ ಸಿಕ್ಕಿತ್ತು. ಪಿಟಿಎ ಅಧ್ಯಕ್ಷರ ಹೆಂಡತಿ ರವಿಕೆ ಅಳತೆ ಕೊಡಲು ಬಂದವರು ಈ ಚಿಂತೆಯನ್ನು ಹೇಳಿಕೊಂಡರು. ನಾನು ಟೇಪು ಹಿಡಿದುಕೊಂಡೇ, "ಅದಕ್ಕೆಂತ ಅಕ್ಕ, ನಮ್ಮಲ್ಲಿ ಮಿಷನ್ ಉಂಟಲ್ಲ. ಒಂದು ದಿನದ ಕೆಲಸ" ಎಂದುಬಿಟ್ಟೆ.

ಇವರು ಅಂದು ನನ್ನೊಟ್ಟಿಗೆ ಸರಿಯಾಗಿ ಮಾತಾಡಲಿಲ್ಲ. ಊಟದ ಹೊತ್ತಿಗೆ ಮೆಲ್ಲ ಹೇಳಿದರು: "ಮೈದಾನದ ಪಕ್ಕದಲ್ಲೇ ಮಾಷ್ಟ್ರ ಮನೆ. ಟ್ರ್ಯಾಕಿಗೆ ಸುಣ್ಣದ ಗೆರೆ ಎಳಿಸುದು ಈಗಲೂ ಅವರೇ. ಅಲ್ಲಿ ನಾನು ಅದರ ಮೇಲೆ ಕೂತು... ಹೇಗೆ?"

"ಹೇಗೆ ಅಂದ್ರೆ? ನಾನು ಹೊಲಿದ ಕವರಿನ ಮೇಲೆ ಕೂತು. ಅದನ್ನು ಊರು ನೋಡ್ಲಿ" ಎಂದೆ. ಧೈರ್ಯದ ಮಾತಾಡಿದೆ, ಒಳಗೆ ಅಳುಕು ಇತ್ತು.

ಕೂಟ ಮುಂದಿನ ಬುಧವಾರ. ಅದಕ್ಕೆ ಮೊದಲಿನ ಗುರುವಾರ, ಶುಕ್ರವಾರ ಎರಡು ಸಂಜೆ ನಾವಿಬ್ಬರೂ ಮೈದಾನದಲ್ಲಿ ಕಲ್ಲು ಹೆಕ್ಕಿದೆವು, ಬ್ಲೇಡಿಗೆ ಕಲ್ಲು ತಾಗಿದರೆ ಮುಗಿಯಿತು. ನನ್ನ ಮೊಣಕಾಲು ಕಳಚಿಹೋಗುವುದೊಂದು ಬಾಕಿ. ಶನಿವಾರ ಬೆಳಿಗ್ಗೆ ಮಿಷನ್ ಪಿಕಪ್ಪಿನಲ್ಲಿ ಬಂತು. ಜೊತೆಗೆ ಮೆಕ್ಯಾನಿಕ್ ಗೆಳೆಯರೂ ಬಂದರು. ಮೈದಾನದ ನಡುವೆ ಅದನ್ನು ಇಳಿಸಿ ಬ್ರೇಕು ಎಳೆದು ನಿಲ್ಲಿಸಿದೆವು. ಅಷ್ಟರಲ್ಲಿ ಕಪ್ಪು ಕೊಡೆ ಹಿಡಿದುಕೊಂಡು ಮಾಷ್ಟ್ರು ಮೈದಾನದ ಅಂಚಿನ ಮೆಟ್ಟಿಲಿಳಿದು ಬಂದರು. ಎಂಬತ್ತು ದಾಟಿದ ಜೀವ, ಬೆನ್ನು ಮಾತ್ರ ಸ್ಕೇಲಿನ ಹಾಗೆ.

ಅವರನ್ನು ಕಂಡದ್ದೇ, ಇಬ್ಬರು ಐವತ್ತು ದಾಟಿದ ಗಂಡಸರ ಕೈ ಒಟ್ಟಿಗೇ ಸೊಂಟಕ್ಕೆ ಹೋಯಿತು. ಮಡಚಿ ಕಟ್ಟಿದ್ದ ಮುಂಡು ಕಾಲಿನವರೆಗೆ ಇಳಿಯಿತು. ನಮ್ಮ ಕಡೆ ಹಿರಿಯರ ಎದುರು ಮುಂಡು ಇಳಿಸದವನನ್ನು ಯಾರೂ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ನಿಂತಿರುವಾಗ ಕೂರುವ ಮಾತಂತೂ ದೂರವೇ ಉಳಿಯಿತು.

"ಯಾರದ್ದು ಈ ಮಿಷನ್?"

"ನಂದೇ ಮಾಷ್ಟ್ರೇ. ಹೀಗೇ... ಗುಜರಿಯಲ್ಲಿ ಸಿಕ್ಕಿತು."

"ಹಾಂ. ಸ್ಟಾರ್ಟ್ ಮಾಡು ನೋಡುವ."

ಇವರು ಮಿಷನಿನ ಪಕ್ಕದಲ್ಲಿ ನಿಂತು, ಬಗ್ಗಿ, ಕೀ ತಿರುಗಿಸಿದರು. ಏನೂ ಇಲ್ಲ. ಟಿಕ್ ಎಂಬ ಸದ್ದೂ ಇಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಮೆಕ್ಯಾನಿಕ್ಕರು ಬ್ಯಾಟರಿಯ ಎರಡು ತುದಿಗಳನ್ನು ಮರಳು ಕಾಗದದಿಂದ ಉಜ್ಜಿದರು. ಲೈಟು ಹಾಕಿದರೆ ಚೆನ್ನಾಗಿಯೇ ಉರಿಯುತ್ತದೆ, ಅಂದರೆ ಬ್ಯಾಟರಿ ಸರಿ ಉಂಟು. ಫ್ಯೂಸು ತೆಗೆದು ಬೆಳಕಿಗೆ ಹಿಡಿದು ನೋಡಿದರು, ಸುಟ್ಟಿರಲಿಲ್ಲ. ಬ್ಲೇಡಿನ ಲಿವರು ಆಫ್ ಮಾಡಿದ್ದೇ ಇತ್ತು. ಕೊನೆಗೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ, ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದರು. ಮೈದಾನದ ಬದಿಯಲ್ಲಿ ಜಮಾಯಿಸಿದವರಲ್ಲಿ ಒಬ್ಬರು ಮೂಲೆಯಲ್ಲಿದ್ದ ಗುಳಿಗ ದೈವದ ಕಲ್ಲಿಗೆ ಒಂದು ತೆಂಗಿನಕಾಯಿ ಹೇಳಿಕೊಳ್ಳಿ ಎಂದರು. ಇವರ ಬೆನ್ನು ಬೆವರಿನಲ್ಲಿ ಪೂರ್ತಿ ಒದ್ದೆ. ಮಾಷ್ಟ್ರು ಕೊಡೆಯಡಿ ನಿಂತೇ ನೋಡಿದರು. ಬೈದಿದ್ದರೇ ವಾಸಿಯಿತ್ತು. ಹನ್ನೆರಡೂವರೆಗೆ "ಊಟ ಮಾಡಿ ಬರ್ತೇನೆ" ಎಂದು ಹೋದರು.

ಅವರ ಕೊಡೆ ಮರೆಯಾದದ್ದೇ ಇವರು ಉಸ್ಸೆಂದು ಸೀಟಿನ ಮೇಲೆ ಕುಸಿದು ಕೂತರು. ಕೂತವರು ಬರೀ ಅಭ್ಯಾಸಕ್ಕೆ ಕೀ ತಿರುಗಿಸಿದರು. ಬುರ್ರೆಂದು ಎದ್ದಿತು ನೋಡಿ! ಇವರು ಗೇರು ಹಾಕಿ ಮೈದಾನದ ಈ ಬದಿಯಿಂದ ಆ ಬದಿಯ ಗೋಲಿನ ಕಂಬದವರೆಗೆ ಒಂದು ಎಳೆ, ಅಂದರೆ ಉದ್ದಕ್ಕೆ ಒಂದು ಪಟ್ಟಿ, ಕೊಯ್ದರು. ಸದ್ದು ಕೇಳಿ ಮಾಷ್ಟ್ರು ಕೈ ಒರೆಸಿಕೊಳ್ಳುತ್ತ ಮತ್ತೆ ಬಂದರು. ಇವರು ತಟ್ಟನೆ ಕೀ ತಿರುಗಿಸಿ ಮಿಷನ್ ನಿಲ್ಲಿಸಿ, ಇಳಿದು, ಮುಂಡು ಇಳಿಬಿಟ್ಟು ನಿಂತರು.

"ಆಯ್ತಲ್ಲ? ಇನ್ನೊಮ್ಮೆ ಮಾಡು."

ಇವರು ನಿಂತು ತಿರುಗಿಸಿದರು. ಇಲ್ಲ!

ಮೆಕ್ಯಾನಿಕ್ಕರು ನನ್ನ ಕಿವಿಯ ಹತ್ತಿರ ಬಂದು, "ಅತ್ತಿಗೆ, ಈ ಮಿಷನಿಗೂ ಮಾಷ್ಟ್ರ ಹೆದರಿಕೆ ಉಂಟು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇವರು ನನ್ನನ್ನು ದುರುಗುಟ್ಟಿ ನೋಡಿದರು. ಸಂಜೆಯವರೆಗೆ ಮಾಷ್ಟ್ರು ಕದಲಲಿಲ್ಲ, ಮಿಷನ್ನೂ ಏಳಲಿಲ್ಲ. ಮನೆಗೆ ಬಂದ ಮೇಲೆ ಇವರು ಹೇಳಿದ್ದು ಒಂದೇ ಮಾತು: "ಹುಲ್ಲು ಕೊಯ್ಲಿಕ್ಕೂ ಲಾಯಕ್ಕಿಲ್ಲ ಅಂತ ಆಯ್ತಲ್ಲ ಮಾರಾಯ್ತಿ." ಆಗ ನನ್ನ ನಗು ಅಲ್ಲಿಗೇ ಇಂಗಿತು. ಈ ಹಾಳು ಮಿಷನಿನ ಸುದ್ದಿ ಎತ್ತಿದವಳು ನಾನೇ ಅಲ್ಲವೇ.

ಭಾನುವಾರ ಮಾಷ್ಟ್ರು ನಮಗಿಂತ ಮೊದಲೇ ಬಂದು ನಿಂತಿದ್ದರು. ಇವರಿಗೆ ಮಿಷನ್ ಹತ್ತಿರ ಹೋಗುವುದಕ್ಕೇ ಕಾಲು ಬರುತ್ತಿರಲಿಲ್ಲ. ಮೆಕ್ಯಾನಿಕ್ಕರು ಒಂದು ಟೆಸ್ಟ್ ಲ್ಯಾಂಪು ತಂದಿದ್ದರು. ಅಡಿಯಲ್ಲಿ ಮಲಗಿಕೊಂಡು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿ ಮುಟ್ಟಿಸಿದರೆ ಎಂಜಿನ್ ಗಿರಗಿರ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. "ಸ್ಟಾರ್ಟರು ಸರಿ ಉಂಟು. ಕರೆಂಟು ಎಲ್ಲೋ ನಡುವೆ ನಿಲ್ತದೆ. ಎಲ್ಲಿ ಅಂತ ಗೊತ್ತಾಗುದಿಲ್ಲ" ಎಂದು ಅಡಿಯಿಂದಲೇ ಕೂಗಿದರು. ಹಾಗೆ ಒಂದು ಗಂಟೆ ಕಳೆಯಿತು.

ನಾನು ಫ್ಲಾಸ್ಕಿನಲ್ಲಿ ಚಾ ತಂದವಳು. ಕಲ್ಲು ಹೆಕ್ಕಿದ ಮೊಣಕಾಲು ಚುಳ್ ಚುಳ್ ಎನ್ನುತ್ತಿತ್ತು. ಸುತ್ತ ನೋಡಿದೆ. ಕೂರಲಿಕ್ಕೆ ಇದ್ದದ್ದು ಒಂದೇ ಜಾಗ, ಅದೂ ನಾನೇ ಹೊಲಿದದ್ದು. ಸೆರಗು ಸರಿಮಾಡಿಕೊಂಡು ಹತ್ತಿ ಕೂತೆ.

ಇವರ ಮುಖ ಬಿಳಿಚಿತು. "ಏಳು ಏಳು. ಮಾಷ್ಟ್ರು ನಿಂತಿದ್ದಾರೆ" ಎಂದು ಹಲ್ಲಿನ ಎಡೆಯಲ್ಲಿ ಹೇಳಿದರು.

"ನನಗೆ ಇವರು ಪಾಠ ಮಾಡ್ಲಿಲ್ಲ. ನಾನು ಕಲಿತದ್ದು ಮುಳ್ಳೇರಿಯದಲ್ಲಿ" ಎಂದೆ. ಮಾಷ್ಟ್ರ ಮೀಸೆಯಡಿ ಸಣ್ಣ ನಗು ಹಾದುಹೋದಂತೆ ಕಂಡಿತು.

ಇದ್ಯಾವುದೂ ಗೊತ್ತಿಲ್ಲದ ಮೆಕ್ಯಾನಿಕ್ಕರು ಅಡಿಯಿಂದ ಹೊರಬಂದು ಕೈ ಒರೆಸುತ್ತ, "ಈಗ ಒಮ್ಮೆ ಕೀ ತಿರುಗಿಸು" ಎಂದರು. ಇವರು ನನ್ನ ಬದಿಯಿಂದ ಕೈ ಚಾಚಿ ತಿರುಗಿಸಿದರು. ನಾನು ಕೂತ ಹಾಗೆಯೇ ಇಡೀ ಮಿಷನ್ ಗಡಗಡ ನಡುಗಿ ಎದ್ದಿತು. ನಾನು ಕಿರುಚಿದ್ದು ಹೆದ್ದಾರಿಗೆ ಕೇಳಿಸಿರಬೇಕು. ಇವರು ಗಾಬರಿಯಿಂದ ನಿಲ್ಲಿಸಿದರು. ನಾನು ಕೆಳಗೆ ಹಾರಿದೆ. ತಿರುಗಿಸಿದರು, ಇಲ್ಲ. ನನ್ನ ತಲೆಯಲ್ಲಿ ಆಗ ಏನೋ ಹೊಳೆಯಿತು. ಮತ್ತೆ ಹತ್ತಿ ಕೂತು, "ಈಗ ಮಾಡಿ" ಎಂದೆ. ಒಂದೇ ಸಲಕ್ಕೆ ಸ್ಟಾರ್ಟ್!

ಮೆಕ್ಯಾನಿಕ್ಕರು ಸೀಟು ಎತ್ತಿ ನೋಡಿದರು. ಅಡಿಯಲ್ಲಿ ಒಂದು ಸಣ್ಣ ಗುಂಡಿ, ಅದಕ್ಕೆ ಎರಡು ವಯರು. ಮೇಲೆ ಮನುಷ್ಯನ ಭಾರ ಬಿದ್ದರೆ ಮಾತ್ರ ಕರೆಂಟು ಬಿಡುವ ಏರ್ಪಾಡು. ಆಳಿಲ್ಲದೆ ಹೊರಟು ಯಾರ ಕಾಲನ್ನೂ ಕತ್ತರಿಸಬಾರದೆಂದು ಮಾಡಿಟ್ಟದ್ದು. ಇಪ್ಪತ್ತೆರಡು ವರ್ಷ ಓಡಿಸಿದ ಮನುಷ್ಯ ಆ ಗುಂಡಿಯನ್ನು ಅಂದೇ ಮೊದಲು ಕಂಡದ್ದು. ಗಲ್ಫಿನಲ್ಲಿ ಮೊದಲು ಕೂರಬೇಕು, ಆಮೇಲೆ ಕೀ. ಇಳಿಯುವ ಮೊದಲು ಕೀ ಆಫ್ ಮಾಡಬೇಕು. ಅದು ನಿಯಮ. ಕೆಟ್ಟರೆ ವರ್ಕ್‌ಶಾಪಿನವರು ಬಂದು ಒಯ್ಯುತ್ತಿದ್ದರು. ಇವರು ಒಂದು ಸಲವೂ ನಿಂತುಕೊಂಡು ಕೀ ತಿರುಗಿಸಿದವರಲ್ಲ. ಅಲ್ಲಿ ಎದುರಿಗೆ ಮಾಷ್ಟ್ರು ಇರಲಿಲ್ಲವಲ್ಲ.

ಕಾರಣ ಸಿಕ್ಕಿತು, ಕೆಲಸ ಆಗಲಿಲ್ಲ. ಇವರು ಸೀಟನ್ನು ನೋಡುತ್ತಾರೆ, ಮಾಷ್ಟ್ರನ್ನು ನೋಡುತ್ತಾರೆ, ನೆಲವನ್ನು ನೋಡುತ್ತಾರೆ. ಮೆಕ್ಯಾನಿಕ್ಕರು, "ಬೇಕಿದ್ರೆ ಆ ಎರಡು ವಯರು ಒಟ್ಟಿಗೆ ಕಟ್ತೇನೆ. ನಿಂತೇ ಸ್ಟಾರ್ಟ್ ಮಾಡ್ಬಹುದು" ಎಂದರು. ಇವರು "ಹಾಂ, ಹಾಗೆ ಮಾಡು" ಎಂದು ಬೇಗ ಹೇಳಿದರು.

ನನಗೆ ಪಿತ್ತ ನೆತ್ತಿಗೇರಿತು. "ಸ್ಟಾರ್ಟ್ ಆದ ಮೇಲೆ ಎಂತ ಮಾಡುದು? ಅದನ್ನು ದನದ ಹಾಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತೀರಾ?" ಎಂದೆ. ಆಮೇಲೆ ಮಾಷ್ಟ್ರ ಕಡೆ ತಿರುಗಿದೆ. ಯೋಚಿಸಿ ಮಾತಾಡಿದ್ದಲ್ಲ, ವರ್ಷಗಳಿಂದ ಗಂಟಲಲ್ಲಿ ಕೂತದ್ದು ತಾನಾಗಿ ಬಂತು. "ಮಾಷ್ಟ್ರೇ, ಇವರು ಗಲ್ಫಿನಲ್ಲಿ ಕಂಪೆನಿ ಗಿಂಪೆನಿ ಎಂತದೂ ಅಲ್ಲ. ಇಪ್ಪತ್ತೆರಡು ವರ್ಷ ಹುಲ್ಲು ಕೊಯ್ದದ್ದು. ಇಂಥದ್ದೇ ಮಿಷನಿನಲ್ಲಿ ಕೂತು. ನಮ್ಮ ಮನೆ, ನನ್ನ ಹೊಲಿಗೆ ಮಿಷನ್, ಎಲ್ಲ ಆ ಹುಲ್ಲಿನದ್ದೇ. ನೀವು ಏಳನೆಯ ಕ್ಲಾಸಿನಲ್ಲಿ ಇವರಿಗೆ ಹುಲ್ಲು ಕೊಯ್ಲಿಕ್ಕೆ ಮಾತ್ರ ಲಾಯಕ್ಕು ಅಂತ ಹೇಳಿದ್ರಂತೆ. ಅದಕ್ಕೆ ನಿಮ್ಮ ಹತ್ರ ಹೇಳ್ಲಿಕ್ಕೆ ನಾಚಿಕೆ. ನಿಮ್ಮೆದುರು ಕೂರ್ಲಿಕ್ಕೂ ನಾಚಿಕೆ."

ಇವರು ನನ್ನನ್ನು ನೋಡಲೂ ಇಲ್ಲ. ಕಿವಿ ಕೆಂಪಗಾಗಿತ್ತು.

"ನಾನು ಹಾಗೆ ಹೇಳಿದ್ದೆನಾ?" ಎಂದರು ಮಾಷ್ಟ್ರು. ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

"ನನಗೆ ಸೆಗಣಿ ಹೆಕ್ಕು ಅಂತ ಹೇಳಿದ್ದು ಮಾಷ್ಟ್ರೇ" ಎಂದರು ಮೆಕ್ಯಾನಿಕ್ಕರು, ತಮ್ಮದೂ ಒಂದು ಇರಲಿ ಎಂಬಂತೆ.

ಮಾಷ್ಟ್ರು ನಗಲಿಲ್ಲ. ಮೆಲ್ಲ ನಡೆದು ಹಿಂದಿನ ದಿನ ಇವರು ಕೊಯ್ದ ಒಂದೇ ಒಂದು ಎಳೆಯ ತುದಿಗೆ ಹೋಗಿ ನಿಂತರು. ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರು. ಈ ತುದಿಯಿಂದ ಗೋಲಿನ ಕಂಬದವರೆಗೆ ಎಲ್ಲಿಯೂ ಒಂದು ಬೆರಳಿನಷ್ಟು ಆಚೆ ಈಚೆ ಇರಲಿಲ್ಲ.

"ಇದು ನೀನು ಹಗ್ಗ ಹಿಡಿದು ಮಾಡಿದ್ದಾ?"

"ಅಲ್ಲ ಮಾಷ್ಟ್ರೇ. ಎದುರಿನ ಕಂಬ ನೋಡಿಕೊಂಡು ಹೋಗುದು. ಚಕ್ರ ನೋಡಿದ್ರೆ ಡೊಂಕಾಗ್ತದೆ."

"ನಾನು ಪ್ರತಿ ವರ್ಷ ಹಗ್ಗ ಹಿಡಿದು, ಗೂಟ ಹೊಡೆದು ಸುಣ್ಣ ಹಾಕಿಸ್ತೇನೆ ಮಾರಾಯ. ಆದ್ರೂ ಇಷ್ಟು ನೆಟ್ಟಗೆ ಬಂದದ್ದಿಲ್ಲ." ಇನ್ನೊಮ್ಮೆ ಎಳೆಯ ಉದ್ದಕ್ಕೂ ನೋಡಿ, "ನಾನು ಹಾಗೆ ಹೇಳ್ಬಾರದಿತ್ತು" ಎಂದರು.

ಆಮೇಲೆ ಅವರು ಮೈದಾನದ ಅಂಚಿನ ಕೆಂಪು ಕಲ್ಲಿನ ಮೆಟ್ಟಿಲಿಗೆ ಹೋಗಿ, ಹೆಗಲಿನ ಶಾಲು ಹಾಸಿ, ಕೊಡೆ ಮಡಚಿ ಪಕ್ಕಕ್ಕಿಟ್ಟು ಕೂತರು. "ನೋಡು, ನಾನು ಕೂತೆ. ಇನ್ನು ನೀನೂ ಕೂತುಕೋ. ನನಗೆ ನಿನ್ನ ಕೆಲಸ ನೋಡ್ಬೇಕು."

ಇವರು ಸೀಟಿನ ತುದಿಯಲ್ಲಿ ಮುದ್ದೆಯಾಗಿ ಕೂತರು. ಆ ಗುಂಡಿಗೆ ಅಷ್ಟು ಭಾರ ಸಾಕಾಯಿತು, ಎಂಜಿನ್ ಎದ್ದಿತು. ಮೊದಲ ಎರಡು ಎಳೆ ಹೆದರಿ ಹೆದರಿ ಹೋದರು. ಮೂರನೆಯದಕ್ಕೆ ಬೆನ್ನು ಆನಿಸಿದರು. ನಾನು ಮಾಷ್ಟ್ರಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತಿದ್ದೆ. ಎಂಜಿನ್ ಸದ್ದಿನ ನಡುವೆ ಅವರು ಕೂಗಿ ಕೂಗಿ ಕೇಳುತ್ತಿದ್ದರು: ಅಲ್ಲಿ ಹುಲ್ಲಿಗೆ ದಿನಕ್ಕೆ ಎಷ್ಟು ಸಲ ನೀರು? ಮರಳಿನಲ್ಲಿ ಬೇರು ಹಿಡಿಯುವುದು ಹೇಗೆ? ಬಿಸಿಲಿಗೆ ಇವನ ತಲೆಗೆ ಎಂತ ಇತ್ತು? ನನಗೆ ಗೊತ್ತಿದ್ದದ್ದನ್ನೆಲ್ಲ ನಾನೂ ಕೂಗಿ ಕೂಗಿ ಹೇಳಿದೆ. ಇಪ್ಪತ್ತೆರಡು ವರ್ಷದ ಮಾತು ಅದು. ಸುತ್ತ ನಿಂತವರಿಗೆಲ್ಲ ಕೇಳಿಸಿತು, ಕೇಳಿಸಲಿ ಎಂದೇ ಹೇಳಿದೆ. ನನ್ನ ಎದೆಯ ಮೇಲಿನ ಒಂದು ಚಪ್ಪಡಿ ಕಲ್ಲು ಅಂದು ಇಳಿಯಿತು.

ಮಧ್ಯಾಹ್ನ ಕಳೆದು ಇಡೀ ಮೈದಾನ ಮುಗಿಯಿತು. ಇವರು ಕೀ ತಿರುಗಿಸಿ, ಇಳಿದು, ಮುಂಡು ಇಳಿಬಿಟ್ಟು, ಮೈಯೆಲ್ಲ ಹುಲ್ಲಿನ ಹುಡಿ ಮಾಡಿಕೊಂಡು ಮಾಷ್ಟ್ರ ಎದುರು ಬಂದು ನಿಂತರು. ಮಾಷ್ಟ್ರು ಎದ್ದು, ಕೊಡೆ ಬಿಡಿಸಿ, ಮೈದಾನದ ಸುತ್ತ ಒಂದು ಸುತ್ತು ನಡೆದರು. ಇವರು ಹಿಂದೆ ಹಿಂದೆ. ಪರೀಕ್ಷೆಯ ಪೇಪರು ಕೈಗೆ ಸಿಗುವವರೆಗೆ ಕಾಯುವಾಗ ಇವರು ಹೇಗೆ ಇದ್ದಿರಬಹುದು ಎಂಬುದು ನನಗೆ ಅಂದು ಗೊತ್ತಾಯಿತು.

ಮಾಷ್ಟ್ರು ಗುಳಿಗನ ಕಲ್ಲಿನ ಮೂಲೆಯಲ್ಲಿ ನಿಂತು ಕೊಡೆಯ ತುದಿಯಿಂದ ತೋರಿಸಿದರು. "ಇಲ್ಲಿ ಒಂದು ಎಳೆ ಬಿಟ್ಟಿದ್ದಿ. ಕಣ್ಣು ಕಾಣುದಿಲ್ವಾ ನಿನಗೆ?"

"ಹೌದು ಮಾಷ್ಟ್ರೇ. ಈಗ ತೆಗೀತೇನೆ ಮಾಷ್ಟ್ರೇ" ಎಂದು ಇವರು ಮುಖ ಅರಳಿಸಿಕೊಂಡು ಓಡಿದರು. ಮುಂಡು ಮಡಚಿ ಕಟ್ಟಿ, ಒಂದೇ ನೆಗೆತಕ್ಕೆ ಹಳದಿ ಸೀಟಿನ ಮೇಲೆ ಕೂತು ಕೀ ತಿರುಗಿಸಿದರು. ಮಾಷ್ಟ್ರು ಅಲ್ಲೇ ನಾಲ್ಕು ಮಾರು ದೂರದಲ್ಲಿ ನಿಂತೇ ಇದ್ದರು. ಅವರ ಎದುರು ತಾನು ಕೂತದ್ದು ಇವರಿಗೆ ಗೊತ್ತೇ ಆಗಲಿಲ್ಲ.